ದೇಶ ಸುತ್ತುವ ಲೆಕ್ಕ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಕೋಶ ಓದುವುದಕ್ಕೆ ಒಂದು ಕ್ರಮವಿದೆಯೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅಕ್ಷರ ಕಲಿಯಬೇಕು, ಪದ ಬಿಡಿಸಬೇಕು, ವಾಕ್ಯದ ಅನ್ವಯವನ್ನು ತಿಳಿಯಬೇಕು. ಆಮೇಲೆ ಅರ್ಥ ಕೈಗೆ ಸಿಗುತ್ತದೆ. ದೇಶ ಸುತ್ತುವುದಕ್ಕೂ ಅಂತಹುದೇ ಒಂದು ಕ್ರಮವುಂಟು, ಅದನ್ನೂ ಕಲಿಯಬೇಕಾಗುತ್ತದೆ ಎಂಬುದು ಮಾತ್ರ ಬಹಳ ಮಂದಿಗೆ ಹೊಳೆಯುವುದಿಲ್ಲ. ಕೈಯಲ್ಲಿ ಹಣ, ಕಾಲಲ್ಲಿ ಬಲ ಇದ್ದರೆ ಸಾಕೆಂದು ಹೊರಟುಬಿಡುತ್ತಾರೆ. ಹತ್ತು ಊರು ನೋಡಿಬಂದೆವೆಂದು ಹೇಳುವ ಅವರು ಒಂದು ಊರಿನ ವಿಷಯವಾಗಿಯೂ ನಾಲ್ಕು ಮಾತು ಹೇಳಲಾರರು. ಕೆಲವೇ ದಿನಗಳಲ್ಲಿ, ರೈಲಿನಲ್ಲಿ, ಒಬ್ಬರೇ ಹೋಗಿ ಹಲವು ಊರುಗಳನ್ನು ಕಂಡುಬರುವ ಪ್ರವಾಸವನ್ನು ಯೋಜಿಸುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಈ ವಿಚಾರವನ್ನು ಬರೆಯುವುದಕ್ಕೆ ಕಾರಣಳಾದವಳು ನನ್ನ ತಮ್ಮನ ಮಗಳು. ಬಸವನಗುಡಿಯ ನಮ್ಮ ಹಳೆಯ ಮನೆಯಲ್ಲಿ ನಾವೆಲ್ಲರೂ ಒಟ್ಟಿಗೆ ಇದ್ದೇವೆ. ಪದವಿ ಪರೀಕ್ಷೆ ಮುಗಿಸಿದ್ದ ಅವಳಿಗೆ ಕೆಲಸಕ್ಕೆ ಸೇರುವ ಮುನ್ನ ಐದು ದಿನಗಳ ಬಿಡುವು ದೊರಕುವುದಿತ್ತು. ಅದೇ ಸಮಯದಲ್ಲಿ, ಯೂರೋಪಿನಲ್ಲಿ ಓದುತ್ತಿರುವ ನಮ್ಮ ಬೀದಿಯ ತರುಣನೊಬ್ಬನು ರಜೆಗೆ ಬಂದಿದ್ದನು. ಸ್ಪೇನ್ ದೇಶದಲ್ಲಿ ತಾನೊಬ್ಬನೇ ರೈಲಿನಲ್ಲಿ ಬಾರ್ಸಿಲೋನ, ಮ್ಯಾಡ್ರಿಡ್, ಕೊರ್ಡೋಬ, ಸೆವಿಲ್ಲೆ, ಗ್ರನಾಡಗಳನ್ನು ಒಂದು ವಾರದೊಳಗೆ ಸುತ್ತಿಬಂದ ಕಥೆಯನ್ನು ಅವನು ಹೇಳಿದನು. ಅದನ್ನು ಕೇಳಿದ ನಮ್ಮ ಹುಡುಗಿ, ‘ಸ್ಪೇನಿಗೆ ಹೋಗಲು ನನ್ನಲ್ಲಿ ಹಣವಿಲ್ಲ, ಉತ್ತರ ಕರ್ನಾಟಕಕ್ಕೆ ಹೋಗಲು ಏನು ಅಡ್ಡಿ?’ ಎಂದುಕೊಂಡಳು. ಎರಡು ದಿನ ಕುಳಿತು ಒಂದು ಹಾಳೆಯ ಮೇಲೆ ಎಂಟು ಊರುಗಳ ಹೆಸರನ್ನು ಬರೆದಳು: ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಬಾದಾಮಿ, ಬಾಗಲಕೋಟೆ, ವಿಜಯಪುರ, ಹೊಸಪೇಟೆ, ಬಳ್ಳಾರಿ.

ಅವಳ ತಾಯಿ ಇದಕ್ಕೆ ಒಪ್ಪಲಿಲ್ಲ. “ಒಂಟಿ ಹುಡುಗಿ, ಗೊತ್ತಿಲ್ಲದ ಊರು, ಅಪರಾತ್ರಿಯ ರೈಲು. ನೀವಾದರೂ ಬುದ್ಧಿ ಹೇಳಿ ಭಾವ” ಎಂದರು. “ದೊಡ್ಡಪ್ಪ, ನೀವೇ ನ್ಯಾಯ ಹೇಳಿ” ಎಂದು ಹುಡುಗಿ ಹಾಳೆಯನ್ನು ನನ್ನ ಮುಂದಿಟ್ಟಳು. ನಾನು ಪೆನ್ಸಿಲ್ ತೆಗೆದುಕೊಂಡು, “ಹೋಗಬೇಕೋ ಬೇಡವೋ ಎಂಬುದು ಆಮೇಲಿನ ಮಾತು. ಮೊದಲು ನಿನ್ನ ಲೆಕ್ಕ ಸರಿಯಿದೆಯೇ ನೋಡೋಣ” ಎಂದೆ.

ಪ್ರವಾಸದ ಮೊದಲ ಲೆಕ್ಕ ಹಣದ್ದಲ್ಲ, ಹೊತ್ತಿನದು. ಐದು ದಿನವೆಂದರೆ ಬಹಳವೆಂದು ತೋರುತ್ತದೆ. ನಿದ್ರೆಗೆ ಎಂಟು ಗಂಟೆ ಬಿಟ್ಟರೆ ಎಚ್ಚರವಾಗಿರುವ ಹೊತ್ತು ದಿನಕ್ಕೆ 16 ಗಂಟೆಯಂತೆ ಒಟ್ಟು 80 ಗಂಟೆ. ಸ್ನಾನ, ಊಟ, ಉಪಾಹಾರಗಳಿಗೆ ದಿನಕ್ಕೆ ಮೂರು ಗಂಟೆಯಂತೆ 15 ಗಂಟೆ ಕಳೆದರೆ 65 ಉಳಿಯಿತು. ಇನ್ನು ಊರಿನಿಂದ ಊರಿಗೆ ಹೋಗುವ ಹೊತ್ತು. ರೈಲಿನ ವೇಳಾಪಟ್ಟಿಯಲ್ಲಿ ಎರಡೂವರೆ ಗಂಟೆಯೆಂದಿದ್ದರೆ ಎರಡೂವರೆ ಗಂಟೆಯಲ್ಲಿ ಊರು ಬದಲಾಯಿತೆಂದು ನಾವು ತಿಳಿಯುತ್ತೇವೆ. ಅದು ಹಾಗಲ್ಲ. ಸಾಮಾನು ಕಟ್ಟಬೇಕು, ಕೊಠಡಿ ಬಿಡಬೇಕು, ನಿಲ್ದಾಣಕ್ಕೆ ಹೋಗಬೇಕು, ಅರ್ಧ ಗಂಟೆಯಾದರೂ ಮುಂಚಿತವಾಗಿ ಕಾಯಬೇಕು. ಇಳಿದ ಮೇಲೆ ಊರೊಳಗೆ ಬರಬೇಕು, ತಂಗುವ ಜಾಗ ಹುಡುಕಬೇಕು, ಕೈಕಾಲು ತೊಳೆದು ಹೊರಬೀಳಬೇಕು. ಬಾದಾಮಿಯಂತಹ ಕಡೆ ರೈಲು ನಿಲ್ದಾಣವೇ ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿದೆ. ಇವೆಲ್ಲ ಕೂಡಿದರೆ ಒಂದು ಊರು ಬದಲಿಸುವುದಕ್ಕೆ ಐದು ಗಂಟೆ ಹಿಡಿಯುತ್ತದೆ. ಎಂಟು ಊರುಗಳ ನಡುವೆ ಏಳು ಬದಲಾವಣೆ, ಏಳೈದಲಿ ಮೂವತ್ತೈದು. ಉಳಿದದ್ದು 30 ಗಂಟೆ. ಅದನ್ನು ಎಂಟು ಊರುಗಳಿಗೆ ಹಂಚಿದರೆ ಒಂದೊಂದಕ್ಕೆ ಮೂರು ಮುಕ್ಕಾಲು ಗಂಟೆ. ಅದರಲ್ಲಿಯೂ ಒಂದು ಪಾಲು ಕತ್ತಲಾದ ಮೇಲಿನ ಹೊತ್ತು.

“ಮೂರು ಮುಕ್ಕಾಲು ಗಂಟೆಯಲ್ಲಿ ನಮ್ಮ ಗಾಂಧಿ ಬಜಾರನ್ನಾದರೂ ಪೂರ್ತಿ ನೋಡಬಲ್ಲೆಯಾ?” ಎಂದೆ. ಹುಡುಗಿ ಮಾತಾಡಲಿಲ್ಲ. ಊರುಗಳ ಸಂಖ್ಯೆಯನ್ನು ಹೆಚ್ಚಿಸಿದಂತೆಲ್ಲ ಊರು ನೋಡುವ ಹೊತ್ತು ಕಡಮೆಯಾಗುತ್ತದೆಂಬುದು ಸರಳವಾದ ಸಂಗತಿ. ಆದರೆ ಹಾಳೆಯ ಮೇಲೆ ಹೆಸರು ಬರೆಯುವಾಗ ಅದು ಕಣ್ಣಿಗೆ ಬೀಳುವುದಿಲ್ಲ. ಭೂಪಟದ ಮೇಲೆ ಬೆರಳು ಸರಿದಷ್ಟು ಸುಲಭವಾಗಿ ಮನುಷ್ಯನು ಸರಿಯಲಾರ.

ಎರಡನೆಯ ಲೆಕ್ಕ ಮಾರ್ಗದ ಆಕಾರದ್ದು. ಯಾವ ದೇಶದಲ್ಲಿಯೇ ಆಗಲಿ, ರೈಲು ಹಳಿಗಳು ಯಾವ ರೂಪದಲ್ಲಿ ಹರಡಿವೆಯೆಂಬುದನ್ನು ತಿಳಿಯದೆ ಪ್ರವಾಸವನ್ನು ಯೋಜಿಸಬಾರದು. ಸ್ಪೇನ್ ದೇಶದಲ್ಲಿ ರಾಜಧಾನಿಯಾದ ಮ್ಯಾಡ್ರಿಡ್ ಹೆಚ್ಚುಕಡಮೆ ದೇಶದ ನಟ್ಟನಡುವೆ ಇದೆ. ಮುಖ್ಯ ಮಾರ್ಗಗಳು ಅಲ್ಲಿಂದ ಗಾಲಿಯ ಅರಗಳಂತೆ ಹೊರಟಿವೆ. ಅಲ್ಲಿಯ ಮೊದಲ ಅತಿವೇಗದ ರೈಲುಮಾರ್ಗ 1992ರಲ್ಲಿ ಮ್ಯಾಡ್ರಿಡ್‌ನಿಂದ ಸೆವಿಲ್ಲೆಗೆ ಆರಂಭವಾಯಿತು. 2008ರಲ್ಲಿ ಅಂತಹ ಮಾರ್ಗ ಬಾರ್ಸಿಲೋನವನ್ನು ಮುಟ್ಟಿತು. ಇಂದು ಅತಿವೇಗದ ಮಾರ್ಗಗಳ ಉದ್ದದಲ್ಲಿ ಚೀನಾದ ನಂತರದ ಸ್ಥಾನ ಆ ದೇಶದ್ದು. ಹೀಗಾಗಿ ಮ್ಯಾಡ್ರಿಡ್‌ನಲ್ಲಿ ಒಂದೇ ಕೊಠಡಿ ಹಿಡಿದು, ಬೆಳಿಗ್ಗೆ ಟೊಲೆಡೊಗೋ ಕೊರ್ಡೋಬಕ್ಕೋ ಹೋಗಿ, ರಾತ್ರಿಗೆ ಹಿಂದಿರುಗಿ ಬರುವುದು ಸಾಧ್ಯ. ಗಂಟುಮೂಟೆಯನ್ನು ದಿನವೂ ಹೊರಬೇಕಾಗಿಲ್ಲ.

ನಮ್ಮ ನಾಡಿನ ಸ್ಥಿತಿ ಬೇರೆ. ಬೆಂಗಳೂರು ಕರ್ನಾಟಕದ ಆಗ್ನೇಯ ಮೂಲೆಯಲ್ಲಿದೆ. ಇಲ್ಲಿಂದ ಮೈಸೂರಿಗೆ ಸುಮಾರು 140 ಕಿಲೋಮೀಟರ್. ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಆದರೆ ಹುಬ್ಬಳ್ಳಿಗೆ ತುಮಕೂರು, ಅರಸೀಕೆರೆ, ದಾವಣಗೆರೆ, ಹಾವೇರಿಗಳ ಮೇಲೆ ಸುಮಾರು 470 ಕಿಲೋಮೀಟರ್. ಮ್ಯಾಡ್ರಿಡ್‌ನಿಂದ ಸೆವಿಲ್ಲೆಗಿರುವ ಅತಿವೇಗದ ಮಾರ್ಗದ ಉದ್ದವೂ ಹೆಚ್ಚುಕಡಮೆ ಅಷ್ಟೆ. ಅಲ್ಲಿ ಆ ದೂರವನ್ನು ಎರಡೂವರೆ ಗಂಟೆಯ ಸುಮಾರಿನಲ್ಲಿ ಕ್ರಮಿಸುತ್ತಾರೆ. ಇಲ್ಲಿ 2023ರಲ್ಲಿ ಬೆಂಗಳೂರು–ಧಾರವಾಡಗಳ ನಡುವೆ ಆರಂಭವಾದ ವಂದೇ ಭಾರತ್ ರೈಲಿಗೂ ಹುಬ್ಬಳ್ಳಿ ಮುಟ್ಟಲು ಆರು ಗಂಟೆ ಬೇಕು. ಉಳಿದ ರೈಲುಗಳಿಗೆ ಇನ್ನೂ ಹೆಚ್ಚು. ಆದುದರಿಂದ ಬೆಂಗಳೂರನ್ನು ನಡುವಿಟ್ಟುಕೊಂಡು ಉತ್ತರ ಕರ್ನಾಟಕವನ್ನು ನೋಡಲಾಗದು. ಒಂದು ದಾರಿಯಲ್ಲಿ ಹೋಗಿ ಇನ್ನೊಂದು ದಾರಿಯಲ್ಲಿ ಬರುವ ಸುತ್ತನ್ನೇ ಹಾಕಬೇಕು. ಅಂತಹ ಸುತ್ತು ನಮಗೆ ಒದಗಿಯೂ ಇದೆ. ಹುಬ್ಬಳ್ಳಿಯ ಕಡೆಯಿಂದ ಹೋಗಿ, ಗದಗ, ಹೊಸಪೇಟೆ, ಬಳ್ಳಾರಿ, ಗುಂತಕಲ್ಲು, ಧರ್ಮಾವರಂಗಳ ಮೇಲೆ ಹಿಂದಿರುಗಬಹುದು.

ಈ ಹಳಿಗಳು ಅಲ್ಲಿಗೆ ಬಂದ ಬಗೆಯನ್ನೂ ತಿಳಿಯುವುದು ಒಳ್ಳೆಯದು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಘೋರ ಕ್ಷಾಮ ಕಾಡಿತು. ಧಾನ್ಯವನ್ನು ಬೇಗ ಸಾಗಿಸಲು ಮಾರ್ಗಗಳಿಲ್ಲದೆ ಅಪಾರ ಜನ ಸತ್ತರು. ಅದರ ಬೆನ್ನಲ್ಲಿಯೇ, 1880ರ ದಶಕದಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿ ಈ ಭಾಗದಲ್ಲಿ ಮೀಟರ್ ಗೇಜ್ ಹಳಿಗಳನ್ನು ಹಾಕಿತು. ಕ್ಷಾಮದ ಭಯ ಒಂದು ಕಾರಣವಾದರೆ, ಈ ಸೀಮೆಯ ಹತ್ತಿಯನ್ನು ಬಂದರಿಗೆ ಸಾಗಿಸುವ ಆಸೆ ಇನ್ನೊಂದು ಕಾರಣ. ಉತ್ತರಕ್ಕೆ ಬಾದಾಮಿ, ವಿಜಯಪುರಗಳ ಮೇಲೆ ಹೊಟಗಿಯ ಕಡೆಗೆ, ಪೂರ್ವಕ್ಕೆ ಬಳ್ಳಾರಿಯ ಕಡೆಗೆ, ಪಶ್ಚಿಮಕ್ಕೆ ಹುಬ್ಬಳ್ಳಿಯ ಕಡೆಗೆ ಹೋಗುವ ಮೂರು ಹಳಿಗಳು ಗದಗಿನಲ್ಲಿ ಕೂಡುವುದು ಹೀಗೆ. ಮೀಟರ್ ಗೇಜ್ ಎಂದರೆ ಎರಡು ಕಂಬಿಗಳ ನಡುವಣ ಅಂತರ ಒಂದು ಮೀಟರ್. ಬ್ರಾಡ್ ಗೇಜ್ ಎಂದರೆ 1676 ಮಿಲಿಮೀಟರ್. ಒಂದು ಅಳತೆಯ ಬಂಡಿ ಇನ್ನೊಂದರ ಮೇಲೆ ಓಡಲಾರದ ಕಾರಣ, ಹಿಂದೆ ಜನರು ನಡುದಾರಿಯಲ್ಲಿ ಇಳಿದು ಗಾಡಿ ಬದಲಿಸಬೇಕಾಗುತ್ತಿತ್ತು. 1990ರ ದಶಕದಿಂದೀಚೆಗೆ ನಮ್ಮ ಮಾರ್ಗಗಳು ಒಂದೊಂದಾಗಿ ಬ್ರಾಡ್ ಗೇಜ್ ಆದುವು. ಸ್ಪೇನಿನ ಹಳೆಯ ಹಳಿಗಳದ್ದು 1668 ಮಿಲಿಮೀಟರ್, ಅತಿವೇಗದ ಹೊಸ ಹಳಿಗಳದ್ದು 1435. ಅಲ್ಲಿಯ ಕೆಲವು ರೈಲುಗಳು ಗಾಲಿಗಳ ಅಂತರವನ್ನೇ ಹೊಂದಿಸಿಕೊಂಡು ಎರಡು ಬಗೆಯ ಹಳಿಗಳ ಮೇಲೂ ಓಡುತ್ತವೆ.

ಭೂಪಟವನ್ನು ಹರಡಿ, ಹುಡುಗಿಯ ಎಂಟು ಊರುಗಳನ್ನು ಗೆರೆಯಿಂದ ಕೂಡಿಸಿದೆ. ಎರಡು ದೋಷಗಳು ತಾವಾಗಿಯೇ ಎದ್ದು ಕಂಡವು. ಬೆಳಗಾವಿ ಒಂದು ತುದಿಯಲ್ಲಿದೆ. ಅಲ್ಲಿಗೆ ಹೋದ ದಾರಿಯಲ್ಲಿಯೇ ಹಿಂದಿರುಗಬೇಕು. ವಿಜಯಪುರವೂ ಹಾಗೆಯೇ, ಹೊಸಪೇಟೆಗೆ ಬರಬೇಕಾದರೆ ಅಲ್ಲಿಂದ ಮತ್ತೆ ಬಾದಾಮಿಯನ್ನು ದಾಟಿ ಗದಗಿಗೆ ಬರಬೇಕು. ಹೀಗೆ ಸುತ್ತಿನಿಂದ ಹೊರಚಾಚಿದ ಕೊಂಬೆಗಳು ಪ್ರವಾಸಿಯ ಹೊತ್ತನ್ನು ಇಮ್ಮಡಿಯಾಗಿ ನುಂಗುತ್ತವೆ. ಗೋಳಗುಮ್ಮಟವನ್ನು ನೋಡಬಾರದೆಂದಲ್ಲ; ಅದನ್ನು ನೋಡಬೇಕಾದರೆ ಹಂಪಿಯನ್ನು ಬಿಟ್ಟು, ವಿಜಯಪುರದಿಂದಲೇ ಗೋಳಗುಮ್ಮಟ ಎಕ್ಸ್‌ಪ್ರೆಸ್ ಹಿಡಿದು ನೇರವಾಗಿ ಬೆಂಗಳೂರಿಗೆ ಬರುವ ಬೇರೊಂದು ಪ್ರವಾಸವನ್ನು ಯೋಜಿಸಬೇಕು. ಒಂದು ಕೊಂಬೆಯನ್ನು ಮಾತ್ರ ಉಳಿಸಿಕೊಳ್ಳಬಹುದೆಂದಾಗ ಅವಳು ಬಾದಾಮಿಯನ್ನು ಉಳಿಸಿಕೊಂಡು, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಬಳ್ಳಾರಿಗಳನ್ನು ತಾನೇ ಹೊಡೆದುಹಾಕಿದಳು.

ಆಗ ನನ್ನ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. “ಮಗು, ನೀನು ಗದಗನ್ನು ಎರಡು ಸಲ ದಾಟುತ್ತೀಯೆ. ಒಂದು ಸಲವೂ ಇಳಿಯುವುದಿಲ್ಲವಲ್ಲ” ಎಂದೆ.

“ಅದು ಜಂಕ್ಷನ್ ಅಲ್ಲವೇ ದೊಡ್ಡಪ್ಪ? ಅಲ್ಲಿ ನೋಡುವುದಕ್ಕೇನಿದೆ?” ಎಂದಳು. ಅಂದ ಮೇಲೆ ತಟ್ಟನೆ ತಲೆ ತಗ್ಗಿಸಿದಳು.

ಗದಗು ಅವಳ ದೊಡ್ಡಮ್ಮನ, ಎಂದರೆ ನನ್ನ ಪತ್ನಿಯ ತವರು. ಆಕೆ ಈಗ ಇಲ್ಲ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಆಕೆ ಒಬ್ಬಳೇ ರೈಲು ಹತ್ತಿದ್ದು ಒಂದು ದಿನವೂ ಇಲ್ಲ. ತವರಿಗೆ ಹೋಗಬೇಕೆಂದರೆ ಯಾರಾದರೂ ಕರೆದೊಯ್ಯಬೇಕು. ಕರೆದೊಯ್ಯಬೇಕಾದ ನನಗೆ ಒಮ್ಮೆ ಪರೀಕ್ಷೆಯ ಮೇಲ್ವಿಚಾರಣೆ, ಒಮ್ಮೆ ಉತ್ತರಪತ್ರಿಕೆಗಳ ರಾಶಿ, ಒಮ್ಮೆ ಶಾಲೆಯ ವಾರ್ಷಿಕೋತ್ಸವ. ಒಂದು ರಾತ್ರಿಯ ಪ್ರಯಾಣದ ಊರು ಆಕೆಗೆ ವರ್ಷಗಟ್ಟಲೆ ದೂರವಾಗಿಯೇ ಉಳಿಯಿತು. ಟಿಕೆಟಿನ ಹಣ ಮನೆಯಲ್ಲಿತ್ತು, ರೈಲೂ ದಿನವೂ ಓಡುತ್ತಿತ್ತು. ಒಬ್ಬಳೇ ಹೋಗಬಹುದೆಂಬ ಮಾತು ಮಾತ್ರ ಆಕೆಗಾಗಲಿ ನನಗಾಗಲಿ ಹೊಳೆಯಲಿಲ್ಲ. ಒಬ್ಬರೇ ಪ್ರಯಾಣಮಾಡುವ ವಿದ್ಯೆ ವಿಲಾಸದ ವಸ್ತುವಲ್ಲವೆಂದು ನಾನು ಹೇಳುವುದು ಇದರಿಂದಲೇ. ಅದನ್ನು ಕಲಿಯದವರು ಇನ್ನೊಬ್ಬರ ಬಿಡುವಿಗಾಗಿ ಜೀವಮಾನವೆಲ್ಲ ಕಾಯಬೇಕಾಗುತ್ತದೆ.

ಹುಬ್ಬಳ್ಳಿ–ಧಾರವಾಡ, ಗದಗು, ಬಾದಾಮಿ, ಹೊಸಪೇಟೆ ಎಂಬ ನಾಲ್ಕು ತಂಗುದಾಣಗಳು ಹೀಗೆ ನಿಂತವು. ಗದಗು ಬರಿಯ ಜಂಕ್ಷನ್ ಅಲ್ಲ. ಕುಮಾರವ್ಯಾಸನು ಭಾರತವನ್ನು ರಚಿಸಿದನೆಂದು ಪ್ರತೀತಿಯಿರುವ ವೀರನಾರಾಯಣ ದೇವಾಲಯ ಅಲ್ಲಿದೆ, ತ್ರಿಕೂಟೇಶ್ವರವಿದೆ. ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವಿದೆ. 1905ರಲ್ಲಿ ನಾಡಿನ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ ಕಣಗಿನಹಾಳವೂ ಗದಗ ತಾಲ್ಲೂಕಿನ ಊರೇ.

ಮೂರನೆಯದು ರಾತ್ರಿಯ ರೈಲಿನ ವಿಚಾರ. ರಾತ್ರಿಯ ಪ್ರಯಾಣದಿಂದ ಒಂದು ಹಗಲು ಉಳಿಯುತ್ತದೆ, ಒಂದು ದಿನದ ಕೊಠಡಿಯ ಬಾಡಿಗೆಯೂ ಉಳಿಯುತ್ತದೆ. ಆದರೆ ರೈಲಿನ ನಿದ್ರೆ ಮನೆಯ ನಿದ್ರೆಗೆ ಸಮನಲ್ಲ. ಮೇಲಿಂದ ಮೇಲೆ ಎರಡು ರಾತ್ರಿ ರೈಲಿನಲ್ಲಿ ಕಳೆದವನು ಮೂರನೆಯ ದಿನ ಯಾವ ಶಿಲ್ಪದ ಮುಂದೆ ನಿಂತರೂ ತೂಕಡಿಸುತ್ತಾನೆ. ಆದುದರಿಂದ ಹೋಗುವಾಗ ಒಂದು, ಬರುವಾಗ ಒಂದು, ಹೀಗೆ ಎರಡು ರಾತ್ರಿಗಳನ್ನು ಮಾತ್ರ ರೈಲಿಗೆ ಕೊಟ್ಟೆವು. ಹೋಗಲು ರಾಣಿ ಚೆನ್ನಮ್ಮ, ಬರಲು ಹಂಪಿ ಎಕ್ಸ್‌ಪ್ರೆಸ್. ನಡುವಣ ಚಿಕ್ಕ ಪ್ರಯಾಣಗಳೆಲ್ಲ ಹಗಲಿನಲ್ಲಿ. ಹಗಲು ರೈಲಿನ ಕಿಟಕಿಯೇ ಅರ್ಧ ಪ್ರವಾಸ. ಹುಬ್ಬಳ್ಳಿ ದಾಟಿದ ಮೇಲೆ ಕೆಮ್ಮಣ್ಣು ಕರಿಮಣ್ಣಾಗುವುದನ್ನೂ, ಬಾದಾಮಿಯ ಬಳಿ ಕೆಂಗಲ್ಲಿನ ಬೆಟ್ಟಗಳು ಏಳುವುದನ್ನೂ ಯಾವ ಪುಸ್ತಕವೂ ಅಷ್ಟು ಚೆನ್ನಾಗಿ ಕಲಿಸದು.

ನಾಲ್ಕನೆಯದು ಟಿಕೆಟಿನ ವಿಚಾರ. ಯಾವುದು ದುರ್ಲಭವೋ ಅದನ್ನು ಮೊದಲು ಕಾದಿರಿಸಬೇಕು. ರಾತ್ರಿಯ ರೈಲುಗಳ ಮಲಗುವ ಸ್ಥಳಗಳು ಬೇಗ ತುಂಬಿಹೋಗುತ್ತವೆ. 2024ರ ನವೆಂಬರ್‌ನಿಂದ ಜಾರಿಗೆ ಬಂದ ನಿಯಮದಂತೆ 60 ದಿನ ಮುಂಚಿತವಾಗಿ ಸ್ಥಳ ಕಾದಿರಿಸಬಹುದು. ಕಡೆಯ ಗಳಿಗೆಯವರಿಗಾಗಿ, ರೈಲು ಹೊರಡುವ ಹಿಂದಿನ ದಿನ ತತ್ಕಾಲ್ ಟಿಕೆಟುಗಳನ್ನು ಕೊಡುತ್ತಾರೆ. ಅದಕ್ಕೆ ಹೆಚ್ಚು ಹಣ ತೆರಬೇಕು, ಸಿಕ್ಕೀತೆಂಬ ಭರವಸೆಯೂ ಇಲ್ಲ. ಹುಬ್ಬಳ್ಳಿಯಿಂದ ಗದಗಿಗೆ ಅರವತ್ತು ಕಿಲೋಮೀಟರ್‌ಗೂ ಒಳಗು. ಅಂತಹ ದೂರಕ್ಕೆ ಆ ಹೊತ್ತಿಗೆ ನಿಲ್ದಾಣದಲ್ಲಿಯೇ ಸಾಮಾನ್ಯ ಟಿಕೆಟು ಕೊಂಡರೆ ಸಾಕು. ಎಲ್ಲವನ್ನೂ ಮೊದಲೇ ಕಟ್ಟಿಹಾಕಿದರೆ ಒಂದು ರೈಲು ತಪ್ಪಿದಾಗ ಮಿಕ್ಕ ಟಿಕೆಟುಗಳೂ ವ್ಯರ್ಥವಾಗುತ್ತವೆ. ಹೊರಟ ನಿಲ್ದಾಣಕ್ಕೇ ಮರಳಿ ಬರುವ ದೊಡ್ಡ ಸುತ್ತುಗಳಿಗೆ ‘ವರ್ತುಲ ಪ್ರಯಾಣದ ಟಿಕೆಟ್’ ಎಂಬ ಸೌಲಭ್ಯವೂ ನಮ್ಮ ರೈಲ್ವೆಯಲ್ಲಿದೆ. ದಾರಿಯಲ್ಲಿ ಎಂಟು ಕಡೆಯವರೆಗೆ ಇಳಿದು ತಂಗಬಹುದು. ದೂರ ಬೆಳೆದಂತೆ ಕಿಲೋಮೀಟರೊಂದಕ್ಕೆ ಬೀಳುವ ದರ ಇಳಿಯುವುದರಿಂದ ಬಿಡಿ ಟಿಕೆಟುಗಳಿಗಿಂತ ಇದು ಅಗ್ಗ. ಆದರೆ ಮಾರ್ಗವನ್ನು ಮೊದಲೇ ನಿಶ್ಚಯಿಸಿ ಅರ್ಜಿ ಸಲ್ಲಿಸಬೇಕು. ನಮ್ಮ ಹುಡುಗಿಯ ಸುಮಾರು 1200 ಕಿಲೋಮೀಟರ್‌ಗಳ ಸಣ್ಣ ಸುತ್ತಿಗೆ ಬಿಡಿ ಟಿಕೆಟುಗಳೇ ಸಾಕಾದುವು.

ಟಿಕೆಟು ಕೊಳ್ಳುವಾಗ ಮೂರು ವಿಷಯಗಳನ್ನು ಎರಡೆರಡು ಸಲ ನೋಡಬೇಕು. ಮೊದಲನೆಯದು ನಿಲ್ದಾಣದ ಹೆಸರು. ಬೆಂಗಳೂರಿನಲ್ಲಿ ಸಂಗೊಳ್ಳಿ ರಾಯಣ್ಣ ನಿಲ್ದಾಣ, ಯಶವಂತಪುರ, ದಂಡು, 2022ರಲ್ಲಿ ಆರಂಭವಾದ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಹೀಗೆ ಹಲವು ನಿಲ್ದಾಣಗಳಿವೆ. ಚಾಮರಾಜಪೇಟೆ, ಬಸವನಗುಡಿಗಳವರಿಗೆ ಮೊದಲನೆಯದು ಹತ್ತಿರ. ಮಲ್ಲೇಶ್ವರದವರಿಗೆ ಯಶವಂತಪುರವೂ ಅನುಕೂಲ. ಒಂದರಲ್ಲಿ ಕಾದು ಇನ್ನೊಂದರಲ್ಲಿ ರೈಲು ತಪ್ಪಿಸಿಕೊಂಡವರು ಉಂಟು. ಎರಡನೆಯದು ತಾರೀಖು. ರೈಲ್ವೆಯವರ ಗಡಿಯಾರಕ್ಕೆ ಇಪ್ಪತ್ತನಾಲ್ಕು ಗಂಟೆ; ನಡುರಾತ್ರಿ ಕಳೆದು ಹದಿನೈದು ನಿಮಿಷಕ್ಕೆ ಹೊರಡುವ ರೈಲು ಮರುದಿನದ ತಾರೀಖಿಗೆ ಸೇರುತ್ತದೆ. ಸೋಮವಾರದ ಟಿಕೆಟಿದ್ದರೆ ನಾವು ನಿಲ್ದಾಣದಲ್ಲಿರಬೇಕಾದದ್ದು ಭಾನುವಾರದ ರಾತ್ರಿ. ಮೂರನೆಯದು ವಾರ. ಪುರಾತತ್ತ್ವ ಇಲಾಖೆಯ ಸ್ಥಳೀಯ ವಸ್ತುಸಂಗ್ರಹಾಲಯಗಳು ಶುಕ್ರವಾರ ಮುಚ್ಚಿರುತ್ತವೆ. ಹುಡುಗಿಯ ಮೊದಲ ಯೋಜನೆಯಲ್ಲಿ ಹಂಪಿಯ ದಿನ ಶುಕ್ರವಾರವೇ ಆಗಿತ್ತು. ಕಮಲಾಪುರದ ಸಂಗ್ರಹಾಲಯದ ಬಾಗಿಲನ್ನಷ್ಟೇ ನೋಡಿ ಬರಬೇಕಾಗುತ್ತಿತ್ತು. ಪ್ರಯಾಣವನ್ನು ಒಂದು ದಿನ ಹಿಂದಕ್ಕೆ ಸರಿಸಿದೆವು.

ಐದನೆಯದೂ ಮುಖ್ಯವಾದುದೂ ಬಿಡುವಿನ ಲೆಕ್ಕ. ಒಂದು ರೈಲು ಇಳಿದು ಇನ್ನೊಂದನ್ನು ಹಿಡಿಯುವ ಕಡೆ ನಡುವೆ ಸಾಕಷ್ಟು ಹೊತ್ತಿರಬೇಕು. ಆ ದಿನದ ಕಟ್ಟಕಡೆಯ ರೈಲನ್ನು ಎಂದಿಗೂ ನಂಬಬಾರದು. ನಾವು ಹಿಡಿಯಬೇಕೆಂದಿರುವ ರೈಲಿನ ಹಿಂದೆ ಮತ್ತೊಂದು ರೈಲೋ ಬಸ್ಸೋ ಇರಬೇಕು. ಯೋಜನೆಯೆಂದರೆ ಹೊತ್ತನ್ನೆಲ್ಲ ತುಂಬಿಸುವುದಲ್ಲ, ತುಂಬಿಸದೆ ಬಿಡುವುದೂ ಯೋಜನೆಯೇ. ಪುಟದ ಅಂಚಿನಲ್ಲಿ ಜಾಗ ಬಿಡದೆ ಬರೆದವನಿಗೆ ತಪ್ಪು ತಿದ್ದಲು ಸ್ಥಳವಿರುವುದಿಲ್ಲ.

ಕಡೆಯದು ಒಂಟಿತನದ ವಿಚಾರ. ತಾಯಿಯ ಆತಂಕ ಸುಳ್ಳಲ್ಲ. ಅದನ್ನು ನಗೆಯಿಂದ ಹಾರಿಸಬಾರದು. ಆದರೆ ಆತಂಕಕ್ಕೆ ಉತ್ತರ ಮನೆಯಲ್ಲಿ ಕುಳಿತಿರುವುದೂ ಅಲ್ಲ, ಸಿದ್ಧತೆ. ಹೊಸ ಊರನ್ನು ಹಗಲಿನಲ್ಲಿಯೇ ಮುಟ್ಟಬೇಕು. ಮೊದಲ ರಾತ್ರಿಯ ತಂಗುದಾಣವನ್ನಾದರೂ ಮುಂಚಿತವಾಗಿ ಗೊತ್ತುಮಾಡಿರಬೇಕು. ದಿನಗಳು, ರೈಲುಗಳ ಸಂಖ್ಯೆ, ತಂಗುವ ಜಾಗ ಇವನ್ನು ಬರೆದ ಹಾಳೆಯ ಒಂದು ಪ್ರತಿ ಮನೆಯಲ್ಲಿರಬೇಕು. ದಿನಕ್ಕೆ ಎರಡು ಸಲ, ಗೊತ್ತಾದ ಹೊತ್ತಿಗೆ ಮನೆಗೆ ಫೋನು ಮಾಡಬೇಕು. ರೈಲಿನಲ್ಲಿ ಯಾವ ತೊಂದರೆಯಾದರೂ 139 ಎಂಬ ಸಂಖ್ಯೆಗೆ ಕರೆಮಾಡಬಹುದು. ಗುರುತಿನ ಚೀಟಿ ಮೈಮೇಲಿರಬೇಕು. ಹಣ ಎರಡು ಕಡೆ ಇರಬೇಕು. ಸಾಮಾನು ತಾನೇ ಹೊತ್ತು ಮೇಲುಸೇತುವೆ ಹತ್ತಿ ಇಳಿಯುವಷ್ಟೇ ಇರಬೇಕು. ಹುಬ್ಬಳ್ಳಿಯ ಪ್ಲಾಟ್‌ಫಾರಂ 1507 ಮೀಟರ್ ಉದ್ದದ್ದು, 2023ರಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲಿಯೇ ಅತಿ ಉದ್ದವೆಂದು ಹೆಸರಾಯಿತು. ಅಂತಹ ಪ್ಲಾಟ್‌ಫಾರಂ ಮೇಲೆ ಭಾರವಾದ ಪೆಟ್ಟಿಗೆಯೊಡನೆ ನಡೆದವನೇ ಸಾಮಾನಿನ ಬೆಲೆಯನ್ನು ಬಲ್ಲ. ಬೀಗ ಹಾಕಿದ ಚೀಲವನ್ನು, ಪ್ರಯಾಣದ ಟಿಕೆಟು ತೋರಿಸಿ, ದೊಡ್ಡ ನಿಲ್ದಾಣಗಳ ಕ್ಲೋಕ್ ರೂಮಿನಲ್ಲಿ ಇಟ್ಟು ಹೋಗುವ ಅನುಕೂಲವೂ ಉಂಟು.

ಇಷ್ಟೆಲ್ಲ ಆದ ಮೇಲೂ ನಾನು ಒಂದು ಷರತ್ತು ಹಾಕಿದೆ. ದೊಡ್ಡ ಪ್ರಯಾಣಕ್ಕೆ ಮುಂಚೆ ಒಂದು ದಿನ ಮೈಸೂರಿಗೆ ಒಬ್ಬಳೇ ಹೋಗಿಬರಬೇಕು. ಈಜು ಕಲಿಯುವವನು ಮೊದಲ ದಿನವೇ ನದಿಗೆ ಧುಮುಕುವುದಿಲ್ಲವಷ್ಟೆ. ಅವಳು ಹೋದಳು, 1979ರಲ್ಲಿ ಸ್ಥಾಪನೆಯಾದ ಅಲ್ಲಿಯ ರೈಲ್ವೆ ವಸ್ತುಸಂಗ್ರಹಾಲಯವನ್ನು ನೋಡಿದಳು, ರಾತ್ರಿ ಊಟದ ಹೊತ್ತಿಗೆ ಬಂದಳು. ಅವಳ ತಾಯಿ ಆ ದಿನವೆಲ್ಲ ಗಡಿಯಾರವನ್ನೇ ನೋಡುತ್ತಿದ್ದರು. ಮರುದಿನ, “ಹೋಗಿಬರಲಿ ಭಾವ” ಎಂದರು.

ಶನಿವಾರ ರಾತ್ರಿ ರೈಲು ಹತ್ತಿದ ಹುಡುಗಿ ಭಾನುವಾರ ಧಾರವಾಡದ ಸಾಧನಕೇರಿಯಲ್ಲಿ ಅಡ್ಡಾಡಿದಳು. ಸೋಮವಾರ ಗದಗು, ಲಕ್ಕುಂಡಿ. ಮಂಗಳವಾರ ಬಾದಾಮಿ: 578ರ ಶಾಸನವಿರುವ ಮೂರನೆಯ ಗುಹೆಯ ಮುಂದೆ ಕುಳಿತು, ಅಗಸ್ತ್ಯತೀರ್ಥದ ನೀರಿನಲ್ಲಿ ಭೂತನಾಥ ಗುಡಿಯ ನೆರಳು ಸಂಜೆಯಾದಂತೆ ಬದಲಾಗುವುದನ್ನು ನೋಡಿದಳಂತೆ. ಬುಧವಾರ ಬೆಳಿಗ್ಗೆ ಬಸ್ಸಿನಲ್ಲಿ 22 ಕಿಲೋಮೀಟರ್ ದೂರದ ಪಟ್ಟದಕಲ್ಲಿಗೆ ಹೋಗಿಬಂದಳು. ಆ ಮಧ್ಯಾಹ್ನದ ರೈಲು ಎರಡು ಗಂಟೆ ತಡವಾಯಿತು. ಗದಗಿನಲ್ಲಿ ಹಿಡಿಯಬೇಕಾಗಿದ್ದ ರೈಲು ಹೊರಟುಹೋಗಿತ್ತು. ಆದರೆ ಅದು ಕಡೆಯ ರೈಲಾಗಿರಲಿಲ್ಲ. “ದೊಡ್ಡಪ್ಪ, ಅಂಚಿನಲ್ಲಿ ಬಿಟ್ಟ ಜಾಗ ಉಪಯೋಗಕ್ಕೆ ಬಂತು” ಎಂದು ನಿಲ್ದಾಣದಿಂದಲೇ ಫೋನು ಮಾಡಿದಳು. ಗುರುವಾರ ಇಡೀ ದಿನ ಹಂಪಿಯಲ್ಲಿ ಕಳೆದು, ಶುಕ್ರವಾರ ಬೆಳಿಗ್ಗೆ ಮನೆಗೆ ಬಂದಳು.

ಏನು ನೋಡಿದೆಯೆಂದು ಕೇಳಿದಾಗ ಅವಳು ಮೊದಲು ಹೇಳಿದ್ದು ಹಂಪಿಯ ಕಲ್ಲಿನ ರಥವನ್ನಲ್ಲ. ಗದಗಿನಲ್ಲಿ ದೊಡ್ಡಮ್ಮನ ಮನೆಯಿದ್ದ ಓಣಿಯನ್ನು ಕೇಳಿಕೇಳಿ ಹುಡುಕಿದಳಂತೆ. ಮನೆಯ ಜಾಗದಲ್ಲಿ ಈಗ ಅಂಗಡಿಗಳ ಸಾಲು. ಹಿತ್ತಲಿನ ಬಾವಿ ಮಾತ್ರ ಹಾಗೆಯೇ ಇದೆ. ಪಕ್ಕದ ಮನೆಯ ವೃದ್ಧೆಯೊಬ್ಬರು ಅವಳನ್ನು ಕೂರಿಸಿ ರೊಟ್ಟಿ ಬಡಿಸಿ, “ಹೆಂಗ ಬಂದಿ? ಯಾರ ಜೊತಿ ಬಂದಿ?” ಎಂದು ಕೇಳಿದರಂತೆ. ‘ಒಬ್ಬಳೇ’ ಎಂದಾಗ ಅವರು ಬಹಳ ಹೊತ್ತು ಅವಳ ಮುಖವನ್ನೇ ನೋಡಿದರಂತೆ. ಮೂರು ಮುಕ್ಕಾಲು ಗಂಟೆಯ ಯೋಜನೆಯಲ್ಲಿ ಆ ಓಣಿಗೆ ಸ್ಥಳವಿರುತ್ತಿರಲಿಲ್ಲ.

ರೈಲುಗಳು ವೇಗವಾಗುತ್ತಿವೆ, ಮುಂದೆ ಇನ್ನೂ ವೇಗವಾದಾವು. ವೇಗ ಹೆಚ್ಚಿದಂತೆ ಒಂದೇ ದಿನದಲ್ಲಿ ಇನ್ನೊಂದು ಊರನ್ನು ಸೇರಿಸಿಬಿಡೋಣವೆಂಬ ಆಸೆಯೂ ಹೆಚ್ಚುತ್ತದೆ. ವೇಗದಿಂದ ಉಳಿದ ಹೊತ್ತನ್ನು ಮತ್ತೆ ಓಟಕ್ಕೇ ಕೊಟ್ಟರೆ ಉಳಿತಾಯವೇನು ಬಂತು? ಅದನ್ನು ಊರಿಗೆ ಕೊಡಬೇಕು; ಊರಿನ ಜನಕ್ಕೆ ಕೊಡಬೇಕು. ಬೇಗ ಹೋಗಿ, ನಿಧಾನವಾಗಿ ನೋಡುವುದೇ ಪ್ರವಾಸದ ಲೆಕ್ಕ.

ಈಚೆಗೆ ಒಂದು ಸಂಜೆ ನಾನು ಜಗಲಿಯಲ್ಲಿ ಕುಳಿತಿದ್ದಾಗ ನನ್ನ ತಮ್ಮನ ಹೆಂಡತಿ ಕಾಫಿ ತಂದಿಟ್ಟು ಸ್ವಲ್ಪ ಹೊತ್ತು ಅಲ್ಲಿಯೇ ನಿಂತರು. ಅವರ ತವರು ತಿಪಟೂರು.

“ಭಾವ, ತಿಪಟೂರಿಗೆ ಬೆಳಗಿನ ರೈಲು ಎಷ್ಟು ಹೊತ್ತಿಗಿದೆ?” ಎಂದು ಕೇಳಿದರು.

“ಯಾರು ಹೋಗುವವರು?”

“ನಾನೇ” ಎಂದರು.

ನಾನು ಒಳಗೆ ಹೋಗಿ ಪೆನ್ಸಿಲ್ ತಂದೆ.